ಕ್ಲಿಪ್ ತೆಗೆದ ಮೇಲೆ ರಿಟೇನರ್: ಒಂದು ಹಲ್ಲಿನ ಹತ್ತಿರ ಸರಿಯಾಗಿ ಕೂರುತ್ತಿಲ್ಲ, ಬಿಳಿ ಪೊರೆ ಬೇರೆ

ಸಾಲುಹಲ್ಲು (ಪ್ರಶ್ನೆ)

ಹಲ್ಲಿನ ಕ್ಲಿಪ್ ತೆಗೆದು ಐದು ವಾರ. ಮೇಲಿನ ಸಾಲಿಗೆ ಪಾರದರ್ಶಕ ಪ್ಲಾಸ್ಟಿಕ್ ರಿಟೇನರ್, ಅಂದರೆ ಹಲ್ಲು ಹಳೇ ಜಾಗಕ್ಕೆ ಸರಿಯದಂತೆ ಹಿಡಿದಿಡುವ, ತೆಗೆದು ಹಾಕಬಹುದಾದ ಕವಚ. ಕೆಳಗೆ ಈ ಕೋರೆಹಲ್ಲಿನಿಂದ ಆ ಕೋರೆಹಲ್ಲಿನವರೆಗೆ ಆರು ಹಲ್ಲುಗಳ ಹಿಂಬದಿಗೆ ಅಂಟಿಸಿದ ತಂತಿ. ಮೇಲಿನದನ್ನು ಆರು ತಿಂಗಳು ದಿನಕ್ಕೆ 20ರಿಂದ 22 ಗಂಟೆ ಹಾಕಬೇಕು, ಆಮೇಲೆ ರಾತ್ರಿ ಮಾತ್ರ ಎಂದು ಹೇಳಿದ್ದಾರೆ.

ಮಧ್ಯೆ ಮೂರು ದಿನ ತಪ್ಪಿತು. ಈಗ ಹಾಕಿದರೆ ಬಲಗಡೆ ಬಿಗಿ. ಮುಂದಿನ ದೊಡ್ಡ ಬಾಚಿಹಲ್ಲಿನ ಪಕ್ಕದ ಚಿಕ್ಕ ಬಾಚಿಹಲ್ಲಿನ ತುದಿಗೂ ಪ್ಲಾಸ್ಟಿಕ್‌ಗೂ ನಡುವೆ ಸಣ್ಣ ಸಂದು ಕಾಣುತ್ತದೆ. ಚಿಕಿತ್ಸೆಗೆ ಮೊದಲು ತಿರುಗಿಕೊಂಡಿದ್ದ ಹಲ್ಲು ಅದೇ. ಒತ್ತಿ ಕೂರಿಸಬಹುದೋ, ಬಿಡಬೇಕೋ?

ಎರಡನೆಯದು: ರಿಟೇನರ್ ಒಳಗೆ ಸುಣ್ಣದಂಥ ಬಿಳಿ ಪೊರೆ ಬರುತ್ತಿದೆ. ದಿನಾ ನೀರಿನಲ್ಲಿ ತೊಳೆದರೂ ಹೋಗುವುದಿಲ್ಲ, ಸ್ವಲ್ಪ ವಾಸನೆಯೂ ಇದೆ. ಪೇಸ್ಟ್ ಹಾಕಿ ಉಜ್ಜಬಹುದೇ? ಕುದಿಯುವ ನೀರಿಗೆ ಹಾಕಿದರೆ ಶುದ್ಧವಾಗುತ್ತದೆಯೇ?

ಮೂರನೆಯದು: ಕೆಳಗಿನ ತಂತಿಯ ಹಿಂದೆ ಹಲ್ಲಿನ ಸಂದು ಶುಚಿ ಮಾಡುವ ದಾರ (ಫ್ಲಾಸ್) ಹಾಕಲು ಆಗುತ್ತಿಲ್ಲ. ಎಡ ಕೋರೆಹಲ್ಲಿನ ಪಕ್ಕದ ಹಲ್ಲಿನಲ್ಲಿ ಅಂಟಿನ ಗುಬ್ಬಿ ನಾಲಗೆಗೆ ಮೊದಲಿಗಿಂತ ಒರಟಾಗಿ ತಾಗುತ್ತದೆ. ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯುವ ದಾರಿ ಇದೆಯೇ?

ತಂತಿಕೆಲಸ

ಮೊದಲು ಚಿಕ್ಕ ಬಾಚಿಹಲ್ಲು. ಮೂರು ಪ್ರಶ್ನೆಗಳಲ್ಲಿ ದಿನ ಕಳೆದಷ್ಟೂ ಕೆಡುವುದು ಇದೇ.

ಕ್ಲಿಪ್ ತೆಗೆದ ದಿನ ಹಲ್ಲು ಹೊಸ ಜಾಗದಲ್ಲಿ ನಿಂತಿರುತ್ತದೆ. ಅದನ್ನು ಹಿಡಿದಿರುವ ನಾರುಗಳು ಮಾತ್ರ ಇನ್ನೂ ಹಳೇ ಜಾಗಕ್ಕೇ ಎಳೆಯುತ್ತಿರುತ್ತವೆ. ಬೇರಿಗೂ ಮೂಳೆಗೂ ನಡುವಿನ ನಾರುಗಳು ಹೊಸದಾಗಿ ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಒಸಡಿನ ಕೊಲಾಜನ್ ನಾರುಗಳಿಗೆ ನಾಲ್ಕರಿಂದ ಆರು ತಿಂಗಳು. ಮೂಳೆಯ ಅಂಚಿನ ಮೇಲ್ಗಡೆ ಹಲ್ಲಿನ ಕುತ್ತಿಗೆಯನ್ನು ಸುತ್ತಿಕೊಂಡಿರುವ ಹಿಗ್ಗುವ ನಾರುಗಳು ಎಲ್ಲಕ್ಕಿಂತ ನಿಧಾನ, ಒಂದು ವರ್ಷವಾದ ಮೇಲೂ ಎಳೆತ ಉಳಿದಿರಬಹುದು. ತಿರುಗಿದ ಹಲ್ಲನ್ನು ನೇರ ಮಾಡಿದಾಗ ಈ ನಾರುಗಳು ಹಗ್ಗಕ್ಕೆ ಹುರಿ ಹಾಕಿದ ಹಾಗೆ ತಿರುಚಿಕೊಂಡಿರುತ್ತವೆ. ಹಿಡಿತ ತಪ್ಪಿದರೆ ಹುರಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಮೂರು ದಿನ ತಪ್ಪಿದಾಗ ಮೊದಲು ಮಾತು ಕೇಳದ ಹಲ್ಲು ಆ ತಿರುಗಿದ್ದ ಹಲ್ಲೇ ಆಗಿರುವುದರಲ್ಲಿ ವಿಶೇಷವೇನೂ ಇಲ್ಲ. ಐದನೇ ವಾರದಲ್ಲಿ ಮೂರು ದಿನ ಬಿಡುವುದಕ್ಕೂ ಐದನೇ ವರ್ಷದಲ್ಲಿ ಮೂರು ದಿನ ಬಿಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನು ಸಂದನ್ನು ಪರೀಕ್ಷಿಸುವ ಬಗೆ. ರಿಟೇನರ್ ಹಾಕಿ, ಕನ್ನಡಿ ಮುಂದೆ ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಡಿ. ಬಲಗಡೆಯ ಚಿಕ್ಕ ಬಾಚಿಹಲ್ಲನ್ನು ಎಡಗಡೆಯ ಅದೇ ಹಲ್ಲಿನ ಜೊತೆ ಹೋಲಿಸಿ. ಎರಡೂ ಕಡೆ ಕೂದಲೆಳೆಯಷ್ಟು ಒಂದೇ ತರಹದ ಸಂದು ಇದ್ದರೆ ಅದು ಅಚ್ಚಿನಲ್ಲೇ ಉಳಿದದ್ದು, ಅದರಿಂದ ತೊಂದರೆ ಇಲ್ಲ. ಬಲಗಡೆ ಮಾತ್ರ ಇದ್ದರೆ ಅಲ್ಲಿ ಹಲ್ಲು ಅಲುಗಿದೆ. ಈಗ ತೋರುಬೆರಳ ತುದಿಯಿಂದ ಆ ಹಲ್ಲಿನ ಮೇಲೆ ಪ್ಲಾಸ್ಟಿಕನ್ನು ಒಸಡಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿದು ಹತ್ತು ಎಣಿಸಿ, ಬೆರಳು ತೆಗೆಯಿರಿ.

ಒತ್ತಿದಾಗ ಸಂದು ಮುಚ್ಚಿ, ಬೆರಳು ತೆಗೆದ ಮೇಲೂ ಹಾಗೇ ನಿಂತರೆ ನಿಮ್ಮ ರಿಟೇನರ್ ಇನ್ನೂ ಆ ಹಲ್ಲನ್ನು ವಾಪಸು ತರಬಲ್ಲದು. ಊಟಕ್ಕೆ, ಹಲ್ಲುಜ್ಜಲು ಬಿಟ್ಟರೆ ಮತ್ಯಾವಾಗಲೂ ತೆಗೆಯಬೇಡಿ. ಎರಡು ಮೂರು ದಿನದಲ್ಲಿ ಬಿಗಿ ಇಳಿಯಬೇಕು. ಒತ್ತಿದಾಗ ಮುಚ್ಚಿ, ಬಿಟ್ಟ ಕೂಡಲೇ ಮತ್ತೆ ಮೇಲೆದ್ದರೆ ಎರಡು ಮನಸ್ಸಿನ ಸ್ಥಿತಿ. ಹಾಕಿಕೊಂಡೇ ಇರಿ, ಆದರೆ ಅದೇ ದಿನ ಚಿಕಿತ್ಸೆ ಮಾಡಿದವರಿಗೆ ಫೋನ್ ಮಾಡಿ. ಒತ್ತಿದರೂ ಮುಚ್ಚದಿದ್ದರೆ, ಅಥವಾ ಒತ್ತಿದಾಗ ಒಸಡು ಬೆಳ್ಳಗಾಗಿ ಚುಚ್ಚುವಂಥ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ, ಇಲ್ಲವೇ ಪಕ್ಕದ ಸರಿಯಾಗಿರುವ ಹಲ್ಲುಗಳ ಮೇಲೆ ಬೇಡದ ಭಾರ ಬೀಳುತ್ತದೆ.

ಎಷ್ಟು ಅಲುಗಿದರೆ ವಾಪಸು ತರಬಹುದು ಎಂಬುದಕ್ಕೆ ಒಂದು ಅಂದಾಜು ಕೊಡುತ್ತೇನೆ. ಹಲ್ಲು ಸರಿಸಲೆಂದೇ ಮಾಡುವ ಅಲೈನರ್‌ಗಳು ಸಾಮಾನ್ಯವಾಗಿ ಒಂದು ಟ್ರೇಗೆ ಕಾಲು ಮಿಲಿಮೀಟರ್ ಆಸುಪಾಸು ಮಾತ್ರ ಸರಿಸುತ್ತವೆ. ರಿಟೇನರ್ ಹಾಗೆ ಹಂತ ಹಂತವಾಗಿ ಮಾಡಿದ್ದಲ್ಲ, ಅದಕ್ಕೆ ಒಂದೇ ಅಳತೆ. ಅಷ್ಟರೊಳಗಿನ ವ್ಯತ್ಯಾಸವನ್ನು ಅದು ಎಳೆದುಕೊಳ್ಳುತ್ತದೆ. ಒಂದು ಮಿಲಿಮೀಟರ್ ಹೋದ ಹಲ್ಲನ್ನು ಎಷ್ಟು ಒತ್ತಿದರೂ ತರಲಾರದು. ಆಗ ಉಳಿಯುವುದು ಎರಡೇ ದಾರಿ: ಹಲ್ಲು ಈಗ ಇರುವ ಜಾಗವನ್ನೇ ಒಪ್ಪಿ ಹೊಸ ರಿಟೇನರ್ ಮಾಡಿಸುವುದು, ಇಲ್ಲವೇ ಕೆಲವು ಟ್ರೇಗಳಲ್ಲಿ ಮತ್ತೆ ಸರಿಸಿ ಆಮೇಲೆ ಮಾಡಿಸುವುದು.

ಹಾಕುವಾಗ ಕಚ್ಚಿ ಕೂರಿಸಬೇಡಿ. ತುಂಬಾ ಜನ ಮುಂದೆ ಸಿಕ್ಕಿಸಿ ಹಲ್ಲು ಕಚ್ಚಿಬಿಡುತ್ತಾರೆ. ಒಂದು ಕಡೆ ಮೊದಲು ಕೂತು ಇನ್ನೊಂದು ಕಡೆ ಓರೆಯಾಗಿ ಸಿಕ್ಕಿಕೊಂಡಾಗ ಆ ಕಚ್ಚುವ ಬಲಕ್ಕೇ ದವಡೆಹಲ್ಲಿನ ಹತ್ತಿರ ಬಿರುಕು ಬರುವುದು. ರಿಟೇನರನ್ನು ಒದ್ದೆ ಮಾಡಿ, ಮೊದಲು ಬಾಚಿಹಲ್ಲಿಗೆ ಸರಿಯಾಗಿ ಕೂರಿಸಿ, ಆಮೇಲೆ ಎರಡೂ ಕೈ ಬೆರಳಿನಿಂದ ಎರಡೂ ಕಡೆಯ ದವಡೆಹಲ್ಲನ್ನು ಒಟ್ಟಿಗೆ ಒತ್ತಿ. ಸಣ್ಣ ಟಿಕ್ ಸದ್ದು ಬರುತ್ತದೆ. ತೆಗೆಯುವಾಗ ಅಂಗುಳಿನ ಕಡೆಯಿಂದ, ಕೊನೆಯ ದವಡೆಹಲ್ಲಿನ ಹತ್ತಿರ ಉಗುರು ಸಿಕ್ಕಿಸಿ ಒಂದು ಕಡೆ ಸ್ವಲ್ಪ ಸಡಿಲಿಸಿ, ಆಮೇಲೆ ಇನ್ನೊಂದು ಕಡೆ, ಕೊನೆಗೆ ಮುಂದೆ. ಒಂದೇ ಕಡೆಯಿಂದ ಪೂರ್ತಿ ಎಳೆದರೆ ಕೋರೆಹಲ್ಲಿನ ಮೂಲೆಯಲ್ಲಿ ಪ್ಲಾಸ್ಟಿಕ್ ಬಾಗಿ ಬಾಗಿ ಸೀಳು ಬಿಡುತ್ತದೆ.

ಲ್ಯಾಬ್‌ಮೇಜು

ಕುದಿಯುವ ನೀರಿಗೆ ಖಂಡಿತ ಹಾಕಬೇಡಿ. ಕಾರಣ ತಿಳಿದರೆ ಇನ್ನೆಂದೂ ಆ ಯೋಚನೆ ಬರುವುದಿಲ್ಲ.

ನಿಮ್ಮ ರಿಟೇನರ್ ಮೊದಲು ಒಂದು ಚಪ್ಪಟೆ ಪ್ಲಾಸ್ಟಿಕ್ ಹಾಳೆ, ಸಾಮಾನ್ಯವಾಗಿ ಮುಕ್ಕಾಲರಿಂದ ಒಂದು ಮಿಲಿಮೀಟರ್ ದಪ್ಪ. ಅದನ್ನು ಚೌಕಟ್ಟಿಗೆ ಸಿಕ್ಕಿಸಿ, ಹೀಟರ್ ಕೆಳಗೆ ಅದು ಮೆತ್ತಗಾಗಿ ಜೋಲುವವರೆಗೆ ಕಾಯಿಸಿ, ನಿಮ್ಮ ಹಲ್ಲಿನ ಅಚ್ಚಿನ ಮೇಲೆ ಇಳಿಸಿ, ಕೆಳಗಿನಿಂದ ಗಾಳಿ ಹೀರಿಯೋ ಮೇಲಿನಿಂದ ಗಾಳಿ ಒತ್ತಿಯೋ ಅಚ್ಚಿಗೆ ಅಂಟಿಸುತ್ತಾರೆ. ತಣ್ಣಗಾದ ಮೇಲೆ ಕತ್ತರಿಸಿ ಅಂಚು ನಯ ಮಾಡುತ್ತಾರೆ. ಎಳೆದುಕೊಂಡ ಜಾಗದಲ್ಲಿ ಹಾಳೆ ತೆಳುವಾಗಿರುತ್ತದೆ, ಮುಖ್ಯವಾಗಿ ಬಾಚಿಹಲ್ಲಿನ ಮುಂಭಾಗದಲ್ಲಿ. ಹೀಗೆ ಎಳೆದು ತಣಿಸಿದ ಪ್ಲಾಸ್ಟಿಕ್ ಮತ್ತೆ ಬಿಸಿಯಾದರೆ ತನ್ನ ಮೊದಲಿನ ಚಪ್ಪಟೆ ರೂಪಕ್ಕೆ ಹಿಂದಿರುಗಲು ನೋಡುತ್ತದೆ. ಕುದಿಯುವ ನೀರಿನಲ್ಲಿ ಅದು ಕಣ್ಣೆದುರೇ ಸುರುಟಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಬಿಸಿ ನೀರು: ಸುರುಟುವುದಿಲ್ಲ, ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ, ಆದರೆ ಅದರ ಎಡಬದಿಗೂ ಬಲಬದಿಗೂ ನಡುವಿನ ಅಂತರ ಸ್ವಲ್ಪ ಬದಲಾಗಿರುತ್ತದೆ. ಅದನ್ನು ಹಾಕಿಕೊಂಡರೆ ಹಲ್ಲನ್ನು ಹಿಡಿದು ನಿಲ್ಲಿಸಬೇಕಾದ್ದೇ ಹಲ್ಲನ್ನು ಸರಿಸತೊಡಗುತ್ತದೆ. ಕೈಗೆ ಉಗುರುಬೆಚ್ಚಗೆ ಅನಿಸುವುದಕ್ಕಿಂತ ಹೆಚ್ಚು ಬಿಸಿ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ ಡಬ್ಬಿ ಬಿಡುವುದೂ ಬೇಡ. ರಿಟೇನರ್ ಹಾಕಿಕೊಂಡೇ ಬಿಸಿ ಕಾಫಿ, ಟೀ ಕುಡಿಯುವುದೂ ಇದೇ ಲೆಕ್ಕಕ್ಕೆ ಬರುತ್ತದೆ.

ಬಿಳಿ ಪೊರೆಯಲ್ಲಿ ಎರಡು ಪದರ ಇರುತ್ತವೆ. ಮೊದಲು ಬರುವುದು ಮೆತ್ತನೆಯ ಪಾಚಿ, ಹಲ್ಲಿನ ಮೇಲೆ ಕಟ್ಟುವುದೇ ಇಲ್ಲೂ ಕಟ್ಟುತ್ತದೆ. ವಾಸನೆ ಅದರದ್ದು. ಆಮೇಲೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಅದರ ಮೇಲೆ ಕೂತು ಗಟ್ಟಿಯಾಗುತ್ತದೆ. ನೀವು ಸುಣ್ಣದಂಥದ್ದು ಅಂದದ್ದು ಅದು. ಬರೀ ನೀರಿಗೆ ಎರಡೂ ಬಿಡುವುದಿಲ್ಲ. ರಿಟೇನರ್ ತೆಗೆದಿಟ್ಟು ಒಣಗಿದ ಮೇಲೆ ತೊಳೆದರಂತೂ ಪೊರೆ ಪ್ಲಾಸ್ಟಿಕ್‌ಗೆ ಅಂಟಿಕೊಂಡೇ ಬಿಡುತ್ತದೆ. ತೆಗೆದ ನಿಮಿಷದಲ್ಲೇ, ಇನ್ನೂ ಒದ್ದೆ ಇರುವಾಗಲೇ ತೊಳೆಯಬೇಕು. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ದಿನದ ತೊಳೆತ ಹೀಗೆ: ಸಿಂಕಿನಲ್ಲಿ ಸ್ವಲ್ಪ ನೀರು ನಿಲ್ಲಿಸಿ ಅಥವಾ ಒಂದು ಬಟ್ಟೆ ಹಾಸಿ, ಕೈಜಾರಿ ಬಿದ್ದರೆ ಒಡೆಯದಿರಲಿ. ಇದಕ್ಕೆಂದೇ ಬೇರೆ ಇಟ್ಟ ಮೆತ್ತನೆ ಬ್ರಷ್. ಬಣ್ಣ, ಘಾಟು ಇಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ಒಳಗಡೆ ಒಂದೊಂದು ಹಲ್ಲಿನ ಗುಳಿಯಲ್ಲೂ ಬ್ರಷ್ಷಿನ ತುದಿ ತಿರುಗಿಸಿ. ಪಾಚಿ ಉಳಿಯುವುದು ಬಾಚಿಹಲ್ಲಿನ ಗುಳಿಯ ಇಕ್ಕಟ್ಟು ತುದಿಯಲ್ಲಿ ಮತ್ತು ದವಡೆಹಲ್ಲಿನ ಏಣುಗಳ ನಡುವೆ. ನುಣುಪು ಹೋಗುವವರೆಗೆ ತಣ್ಣೀರಿನಲ್ಲಿ ಜಾಲಿಸಿ. ಟೂತ್‌ಪೇಸ್ಟ್ ಬೇಡ. ಅದರಲ್ಲಿರುವ ಉಜ್ಜುಪುಡಿ ಹಲ್ಲಿನ ಎನಾಮಲ್‌ಗೆ ಲೆಕ್ಕ ಹಾಕಿದ್ದು, ಪ್ಲಾಸ್ಟಿಕ್ ಅದಕ್ಕಿಂತ ಬಹಳ ಮೃದು. ಒಂದೆರಡು ತಿಂಗಳಲ್ಲಿ ಮಂಜು ಕವಿದ ಗಾಜಿನ ಹಾಗೆ ಆಗುತ್ತದೆ, ಆ ಗೀರುಗಳೇ ಪಾಚಿಗೆ ಮನೆ.

ಈಗಾಗಲೇ ಗಟ್ಟಿಯಾದ ಪೊರೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ 15ರಿಂದ 20 ನಿಮಿಷ ನೆನೆಸಿ, ಬ್ರಷ್ ಆಡಿಸಿ, ಚೆನ್ನಾಗಿ ಜಾಲಿಸಿ. ಒಮ್ಮೆಗೆ ಹೋಗದಿದ್ದರೆ ಮರುದಿನ ಇನ್ನೊಮ್ಮೆ. ಚಾಕು, ಪಿನ್ನು ತೆಗೆದುಕೊಂಡು ಕೆರೆಯಬೇಡಿ. ವಾರಕ್ಕೆ ಒಂದೆರಡು ಸಲ, ಹಲ್ಲುಸೆಟ್ಟು ತೊಳೆಯಲು ಬರುವ ನೊರೆಮಾತ್ರೆಯನ್ನೂ ಬಳಸಬಹುದು. ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು, ರಾತ್ರಿಯಿಡೀ ಅಲ್ಲ. ಇಂಥ ಹಲವು ಮಾತ್ರೆಗಳಲ್ಲಿ ಪರ್ಸಲ್ಫೇಟ್ ಎಂಬ ರಾಸಾಯನಿಕ ಇರುತ್ತದೆ, ಕೆಲವರಿಗೆ ಅದು ಅಲರ್ಜಿ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಬಾಯಿ ಉರಿ, ಒಸಡು ಊತ, ತುರಿಕೆ ಕಂಡರೆ ಬಿಟ್ಟುಬಿಡಿ. ಮಾತ್ರೆ ಕರಗಿದ ನೀರನ್ನು ಬಾಯಿಗೆ ಹಾಕುವುದು ಯಾರಿಗೂ ಬೇಡ.

ಆಲ್ಕೋಹಾಲ್ ಇರುವ ಮೌತ್‌ವಾಶ್‌ನಲ್ಲಿ ನೆನೆಸಬೇಡಿ. ಬಣ್ಣದ ಮೌತ್‌ವಾಶ್ ಬಣ್ಣ ಬಿಡುತ್ತದೆ, ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಕಂದು ಕಲೆ ಮಾಡುತ್ತದೆ. ಬ್ಲೀಚ್ ಕೂಡ ಬೇಡ.

ತೊಳೆದ ಮೇಲೆ ನೀರು ಕೊಡವಿ, ಗಾಳಿಗೆ ಒಣಗಿಸಿ, ತೂತಿರುವ ಡಬ್ಬಿಯಲ್ಲಿಡಿ. ಒದ್ದೆಯಾಗಿ ಮುಚ್ಚಿಟ್ಟ ಡಬ್ಬಿಯೇ ಎಷ್ಟೋ ಸಲ ವಾಸನೆಯ ಮೂಲ. ಡಬ್ಬಿಯನ್ನೂ ಸೋಪು ಹಾಕಿ ತೊಳೆಯಿರಿ. ಊಟದ ಹೊತ್ತಿಗೆ ಟಿಶ್ಯೂನಲ್ಲಿ ಸುತ್ತಿಡುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ, ಕಳೆದುಹೋಗುವ ರಿಟೇನರ್‌ಗಳಲ್ಲಿ ಬಹುಪಾಲು ತಟ್ಟೆಯ ಜೊತೆ ಕಸದ ಬುಟ್ಟಿಗೇ ಹೋಗುವುದು. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿರಲಿ. ಜೊಲ್ಲಿನ ವಾಸನೆಗೆ ಅವು ಹುಡುಕಿಕೊಂಡು ಬಂದು ಅಗಿಯುತ್ತವೆ.

ಅಂಗುಳಿಗೆ ಅಕ್ರಿಲಿಕ್ ತಟ್ಟೆ, ಮುಂದೆ ತಂತಿ ಇರುವ, ಹಾಲಿ (Hawley) ಎಂಬ ಹೆಸರಿನ ರಿಟೇನರ್ ಬಳಸುವವರು ಇದನ್ನು ಓದುತ್ತಿದ್ದರೆ ಮೂರು ಮಾತು. ಅದನ್ನು ಬಹಳ ದಿನ ಒಣಗಲು ಬಿಡಬೇಡಿ, ಹಾಕದಿರುವಾಗ ತಣ್ಣೀರಿನಲ್ಲಿಡಿ, ನೀರನ್ನು ದಿನಾ ಬದಲಿಸಿ. ತೆಗೆಯುವಾಗ ಹಿಂದಿನ ಕೊಕ್ಕೆಗಳನ್ನು ಹಿಡಿದು ತೆಗೆಯಿರಿ. ಮುಂದಿನ ತಂತಿಗೆ ಬೆರಳು ಹಾಕಿ ಎಳೆದರೆ ತಂತಿ ಹೊರಬಾಗಿ ಬಾಚಿಹಲ್ಲನ್ನು ಹಿಡಿಯುವುದನ್ನೇ ಬಿಡುತ್ತದೆ. ಸಡಿಲವಾದರೆ ನೀವೇ ಇಕ್ಕಳ ಹಿಡಿದು ಬಗ್ಗಿಸಬೇಡಿ, ವೈದ್ಯರಿಗೆ ಅದು ಎರಡು ನಿಮಿಷದ ಕೆಲಸ.

ಒಸಡುಬೇರು

ಕೆಳಗಿನ ತಂತಿಯ ವಿಷಯಕ್ಕೆ ಬರುತ್ತೇನೆ. ಅಂಟಿಸಿದ ತಂತಿ ಇದ್ದವರು ಅದನ್ನು ಮರೆತೇ ಬಿಡುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿಂದ. ಮೇಲಿನ ರಿಟೇನರ್ ಬಿಗಿಯಾಗಿ ನಿಮಗೆ ಹಲ್ಲು ಅಲುಗಿದ್ದನ್ನು ಹೇಳಿತು. ತಂತಿ ಹಾಗೆ ಏನೂ ಹೇಳುವುದಿಲ್ಲ. ಒಂದು ಹಲ್ಲಿನಲ್ಲಿ ಅಂಟು ಬಿಟ್ಟರೂ ಪಕ್ಕದ ಎರಡು ಹಲ್ಲು ತಂತಿಯನ್ನು ಜಾಗದಲ್ಲೇ ಹಿಡಿದಿರುತ್ತವೆ. ನಾಲಗೆಗೆ ತಂತಿ ಸಿಗುತ್ತಲೇ ಇರುತ್ತದೆ, ಹಲ್ಲು ಮಾತ್ರ ಮುಂದಕ್ಕೆ ಹೋಗುತ್ತಿರುತ್ತದೆ.

ಮನೆಯಲ್ಲಿ ನೋಡುವುದು ಹೀಗೆ. ಚೆನ್ನಾದ ಬೆಳಕು, ಕೈಗನ್ನಡಿ, ಸಾಧ್ಯವಾದರೆ ಒಂದು ಚಿಕ್ಕ ಬಾಯಿಗನ್ನಡಿ. ನಾಲಗೆ ಹಿಂದೆ ಎಳೆದುಕೊಂಡು ಆ ಹಲ್ಲಿನ ಹಿಂಭಾಗವನ್ನು ಟಿಶ್ಯೂನಿಂದ ಒರೆಸಿ. ಪೂರ್ತಿ ಒಣಗುವುದು ಬೇಡ, ಅಂಟಿನ ಗುಬ್ಬಿಯ ಸುತ್ತ ತೆಳ್ಳಗೆ ಒದ್ದೆ ಉಳಿದಿರಲಿ. ಈಗ ಹಲ್ಲಿನ ಮುಂಭಾಗದಿಂದ ಬೆರಳಲ್ಲಿ ಮೆಲ್ಲಗೆ ಒಳಕ್ಕೆ ಒತ್ತಿ, ಬಿಡಿ, ಮತ್ತೆ ಒತ್ತಿ. ಅಂಟು ಗಟ್ಟಿಯಾಗಿದ್ದರೆ ಏನೂ ಆಗದು. ಬಿಟ್ಟಿದ್ದರೆ ಗುಬ್ಬಿಯ ಅಂಚಿನಿಂದ ಸೂಜಿಮೊನೆಯಷ್ಟು ಜೊಲ್ಲಿನ ಗುಳ್ಳೆಗಳು ಹೊರಗೆ ಬರುತ್ತವೆ, ಬೆರಳು ಬಿಟ್ಟಾಗ ಒಳಗೆ ಹೋಗುತ್ತವೆ. ಹಲ್ಲಿಗೂ ಅಂಟಿಗೂ ನಡುವೆ ದ್ರವ ಓಡಾಡುತ್ತಿದೆ ಎಂದರ್ಥ. ಆರೂ ಹಲ್ಲನ್ನು ಹೀಗೆ ಒಂದೊಂದಾಗಿ ನೋಡಿ. ನಿಮ್ಮ ಒರಟು ಬರೀ ಮೇಲ್ಭಾಗದ ಅಂಟು ಸವೆದದ್ದೂ ಆಗಿರಬಹುದು. ಆಗ ತಂತಿಯ ಒಂದು ತುಂಡು ಬರಿದಾಗಿ ನಾಲಗೆಗೆ ಎಳೆ ಎಳೆಯಾಗಿ ತಾಗುತ್ತದೆ, ಗುಳ್ಳೆ ಬರುವುದಿಲ್ಲ. ಅದಕ್ಕೂ ಮತ್ತೆ ಅಂಟು ಮುಚ್ಚಿಸಬೇಕು, ಆದರೆ ಅಷ್ಟು ಅವಸರ ಇಲ್ಲ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿಯೇ ಹೇಳಬೇಕು, ಯಾಕೆಂದರೆ ಇದು ತಡವಾಗಿ ಗೊತ್ತಾದರೆ ಸರಿಪಡಿಸುವುದು ಕಷ್ಟ. ಈ ತಂತಿ ಸಾಮಾನ್ಯವಾಗಿ ಹಲವು ಸಣ್ಣ ಎಳೆಗಳನ್ನು ಹುರಿ ಮಾಡಿದ್ದು, ಒಟ್ಟು ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಗಟ್ಟಿ ಪದಾರ್ಥ ಕಚ್ಚಿ ಅದು ಸ್ವಲ್ಪ ಬಾಗಿದರೆ ಅಥವಾ ಹುರಿ ಸಡಿಲವಾದರೆ ಅದೇ ಒಂದು ಸ್ಪ್ರಿಂಗ್ ಆಗುತ್ತದೆ. ಅಂಟು ಎಲ್ಲೂ ಬಿಟ್ಟಿರುವುದಿಲ್ಲ, ಆದರೂ ಒಂದು ಹಲ್ಲಿನ ಬೇರು ಮುಂದಕ್ಕೋ ಹಿಂದಕ್ಕೋ ತಳ್ಳಲ್ಪಡುತ್ತದೆ. ಒಂದು ಹಲ್ಲು ಮಾತ್ರ ಪಕ್ಕದವಕ್ಕಿಂತ ಉದ್ದ ಕಂಡರೆ, ಅದರ ಮುಂದಿನ ಒಸಡು ಕೆಳಗಿಳಿದರೆ, ಒಂದು ಕಡೆಯ ಕೋರೆಹಲ್ಲು ಹೊರವಾಲಿ ಇನ್ನೊಂದು ಒಳವಾಲಿದರೆ ಕಾಯಬೇಡಿ. ಕ್ಲಿಪ್ ತೆಗೆದ ದಿನ ಮುಂದಿನಿಂದಲೂ ಮೇಲಿನಿಂದಲೂ ತೆಗೆದ ಫೋಟೋ ಇದ್ದರೆ ಮೂರು ತಿಂಗಳಿಗೊಮ್ಮೆ ಹೋಲಿಸಿ. ಇಲ್ಲದಿದ್ದರೆ ಇವತ್ತೇ ತೆಗೆದಿಡಿ. ಕಣ್ಣಿಗೆ ಅಭ್ಯಾಸವಾಗಿಬಿಡುತ್ತದೆ, ಫೋಟೋಗೆ ಆಗುವುದಿಲ್ಲ.

ದಾರದ ಬಗ್ಗೆ: ಮೇಲಿನಿಂದ ಇಳಿಸಲು ನೋಡಿದರೆ ತಂತಿ ಅಡ್ಡ ಬರುತ್ತದೆ, ಅದಕ್ಕೇ ಆಗುತ್ತಿಲ್ಲ. ಫ್ಲಾಸ್ ಥ್ರೆಡರ್ ಎಂದು ಸಿಗುತ್ತದೆ, ದೊಡ್ಡ ಕುಣಿಕೆ ಇರುವ ಬಗ್ಗುವ ಪ್ಲಾಸ್ಟಿಕ್ ಸೂಜಿ. ತುದಿ ಗಡುಸಾಗಿ ಮಧ್ಯ ಸ್ಪಂಜಿನಂತಿರುವ ಸೂಪರ್‌ಫ್ಲಾಸ್ ಇದ್ದರೆ ಆ ಸೂಜಿಯೂ ಬೇಡ. ಗಡುಸು ತುದಿಯನ್ನು ತಂತಿಯ ಕೆಳಗೆ, ಒಸಡಿನ ಹತ್ತಿರ, ಎರಡು ಹಲ್ಲಿನ ನಡುವೆ ಮುಂದಿನಿಂದ ಹಿಂದಕ್ಕೆ ತೂರಿಸಿ ನಾಲಗೆಯ ಕಡೆಯಿಂದ ಹಿಡಿದೆಳೆಯಿರಿ. ಈಗ ದಾರ ತಂತಿಯ ಕೆಳಗಿದೆ. ಒಂದು ಹಲ್ಲಿನ ಪಕ್ಕಕ್ಕೆ ಒರಗಿಸಿ ಒಸಡಿನೊಳಕ್ಕೆ ಸ್ವಲ್ಪ ಇಳಿಸಿ ನಾಲ್ಕೈದು ಸಲ ಮೇಲೆ ಕೆಳಗೆ, ಆಮೇಲೆ ಪಕ್ಕದ ಹಲ್ಲಿಗೆ ಒರಗಿಸಿ ಅಷ್ಟೇ. ದಾರವನ್ನು ಮೇಲಕ್ಕೆ ಜಗ್ಗಿ ತೆಗೆಯಬೇಡಿ, ತಂತಿಗೆ ಸಿಕ್ಕಿ ಅಂಟು ಬಿಡುತ್ತದೆ. ಒಂದು ತುದಿ ಬಿಟ್ಟು ಪಕ್ಕಕ್ಕೆ ಎಳೆದುಕೊಳ್ಳಿ. ಐದು ಸಂದು ಇವೆ, ಕೈ ಪಳಗಿದ ಮೇಲೆ ಎರಡು ಮೂರು ನಿಮಿಷ. ಒಸಡಿನ ಹತ್ತಿರ ಜಾಗ ಇದ್ದರೆ ಅತಿ ಸಣ್ಣ ಅಳತೆಯ ಸಂದುಬ್ರಷ್ ಇನ್ನೂ ಸುಲಭ. ಬಲವಂತವಾಗಿ ತುರುಕಬೇಕಾದರೆ ಆ ಅಳತೆ ನಿಮ್ಮದಲ್ಲ. ನೀರು ಚಿಮ್ಮಿಸುವ ಯಂತ್ರ ಸಿಕ್ಕಿಕೊಂಡ ಆಹಾರವನ್ನು ಚೆನ್ನಾಗಿ ತೆಗೆಯುತ್ತದೆ, ಅಂಟಿದ ಪಾಚಿಯನ್ನು ದಾರದಷ್ಟು ತೆಗೆಯುವುದಿಲ್ಲ.

ಕೆಳಗಿನ ಬಾಚಿಹಲ್ಲಿನ ಹಿಂದೆಯೇ ಇಷ್ಟು ಎಚ್ಚರ ಯಾಕೆಂದರೆ, ನಾಲಗೆಯ ಕೆಳಗಿರುವ ಜೊಲ್ಲುಗ್ರಂಥಿಗಳ ಬಾಯಿ ಅಲ್ಲೇ ತೆರೆಯುತ್ತದೆ. ಬಾಯಿಯಲ್ಲಿ ಪಾಚಿ ಎಲ್ಲಕ್ಕಿಂತ ಬೇಗ ಕಲ್ಲಾಗುವ ಜಾಗ ಅದು. ತಂತಿ ಇದ್ದರೆ ಬ್ರಷ್ಷೂ ಸರಿಯಾಗಿ ತಾಗುವುದಿಲ್ಲ. ತಂತಿಯ ಕೆಳಗೆ ಹಳದಿ ಗಟ್ಟಿ ಪಟ್ಟಿ ಕಂಡರೆ ಮನೆಯಲ್ಲಿ ಅದು ಹೋಗದು, ವೈದ್ಯರೇ ತೆಗೆಯಬೇಕು. ಅಂಥ ಶುದ್ಧಿಗೆ ಹೋದಾಗ ಹಿಂದೆ ತಂತಿ ಇದೆ ಎಂದು ಮೊದಲೇ ಹೇಳಿ, ಮುಗಿದ ಮೇಲೆ ಆರೂ ಅಂಟು ನೋಡಲು ಕೇಳಿ.

ಸಾಲುಹಲ್ಲು

ಎಲ್ಲ ಮಾಡಿ ನೋಡಿದೆ. ಮೇಲೆ: ಒತ್ತಿದರೆ ಸಂದು ಮುಚ್ಚುತ್ತದೆ, ಬಿಟ್ಟರೂ ನಿಲ್ಲುತ್ತದೆ, ಬಿಗಿ ಮಾತ್ರ ಇದೆ. ಕೆಳಗೆ: ಆ ಹಲ್ಲಿನಲ್ಲಿ ಗುಳ್ಳೆ ಬಂತು, ಉಳಿದ ಐದರಲ್ಲಿ ಇಲ್ಲ. ವೈದ್ಯರ ಭೇಟಿ ಹತ್ತು ದಿನದ ಮೇಲೆ ಸಿಕ್ಕಿದೆ. ಅಲ್ಲಿಯವರೆಗೆ ಕಾಯಬಹುದೇ? ಇನ್ನೊಂದು, ರಾತ್ರಿ ಮಾತ್ರ ಅನ್ನುವ ಹಂತ ಎಷ್ಟು ವರ್ಷ?

ಒಸಡುಬೇರು

ಮೇಲಿನದಕ್ಕೆ ಹತ್ತು ದಿನ ಪರವಾಗಿಲ್ಲ. ಕೆಳಗಿನದಕ್ಕೆ ಉದ್ದವಾಯಿತು. ಕ್ಲಿಪ್ ತೆಗೆದು ಐದೇ ವಾರ ಆಗಿರುವಾಗ ಹಿಡಿತ ತಪ್ಪಿದ ಹಲ್ಲು ಹತ್ತು ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಸರಿಯಬಲ್ಲದು. ಮತ್ತೆ ಫೋನ್ ಮಾಡಿ "ಅಂಟಿಸಿದ ತಂತಿ ಒಂದು ಹಲ್ಲಿನಲ್ಲಿ ಬಿಟ್ಟಿದೆ, ಕೆಳಗಡೆ ಎಡ ಕೋರೆಹಲ್ಲಿನ ಪಕ್ಕದ ಬಾಚಿಹಲ್ಲು" ಎಂದು ಇಷ್ಟನ್ನೇ ಹೇಳಿ. ಸುಮ್ಮನೆ "ತಪಾಸಣೆ" ಎಂದರೆ ಹತ್ತು ದಿನವೇ ಸಿಗುತ್ತದೆ, ಹೀಗೆ ಹೇಳಿದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಕರೆಯುತ್ತಾರೆ. ಕೆಲಸ ದೊಡ್ಡದಲ್ಲ: ಹಳೇ ಅಂಟು ಕೆರೆದು, ಹಲ್ಲನ್ನು ಒಣಗಿಸಿ, ಫಾಸ್ಫಾರಿಕ್ ಆಮ್ಲದ ಜೆಲ್ ಸವರಿ ತೊಳೆದು, ಹೊಸ ಅಂಟಿಟ್ಟು ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ಆ ಹೊತ್ತಿನಲ್ಲಿ ಜೊಲ್ಲು ತಾಗಿದರೆ ಅಂಟು ಮತ್ತೆ ಬಿಡುತ್ತದೆ, ಆದ್ದರಿಂದ ನಾಲಗೆ ಆಡಿಸದೆ ಇರಿ. ಹಲ್ಲು ಈಗಾಗಲೇ ಸರಿದಿದ್ದರೆ ತಂತಿಯನ್ನು ಬಗ್ಗಿಸಿ ಹಲ್ಲಿಗೆ ಒತ್ತಿ ಅಂಟಿಸಿಕೊಳ್ಳಲು ಒಪ್ಪಬೇಡಿ. ಒತ್ತಿ ಹಿಡಿದ ತಂತಿ ಮೇಲೆ ಹೇಳಿದ ಸ್ಪ್ರಿಂಗೇ.

ಅಲ್ಲಿಯವರೆಗೆ ಮುಂದಿನ ಹಲ್ಲಿನಿಂದ ಏನನ್ನೂ ಕಚ್ಚಬೇಡಿ, ಸೇಬು ಕೂಡ ತುಂಡು ಮಾಡಿ ದವಡೆಗೆ ಹಾಕಿ. ಕೆಳಗಿನ ಸಾಲಿಗೂ, ತಂತಿಯ ಮೇಲೆ ಕೂರುವಂತೆ ಮಾಡಿದ ಪ್ಲಾಸ್ಟಿಕ್ ರಿಟೇನರ್ ಕೊಟ್ಟಿದ್ದರೆ ಈಗಲೇ ಹಾಕಿ. ತಂತಿಯ ತುದಿ ಎಲ್ಲಾದರೂ ಎದ್ದು ನಾಲಗೆಗೆ ಚುಚ್ಚಿದರೆ ಕ್ಲಿಪ್ ಇದ್ದಾಗ ಕೊಟ್ಟ ಮೇಣವನ್ನು ಬಟಾಣಿಗಿಂತ ಚಿಕ್ಕದಾಗಿ ಉಂಡೆ ಮಾಡಿ, ಒರೆಸಿದ ತಂತಿಯ ಮೇಲೆ ಒತ್ತಿ. ಕತ್ತರಿಸಲು ಹೋಗಬೇಡಿ, ತುಂಡು ಗಂಟಲಿಗೆ ಜಾರುವ ಅಪಾಯ ಇದೆ.

ತಂತಿಕೆಲಸ

ಎಷ್ಟು ವರ್ಷ ಎಂಬುದಕ್ಕೆ: ಹಲ್ಲು ನೇರ ಇರಬೇಕೆಂದು ಬಯಸುವಷ್ಟು ವರ್ಷ. ಇದು ಹೆದರಿಸಲು ಹೇಳುವ ಮಾತಲ್ಲ. ಕ್ಲಿಪ್ಪೇ ಹಾಕಿಸದವರ ಕೆಳಗಿನ ಬಾಚಿಹಲ್ಲುಗಳೂ ವಯಸ್ಸಾದಂತೆ ಇಕ್ಕಟ್ಟಾಗುತ್ತ ಹೋಗುತ್ತವೆ. ಅಂದರೆ ಮೊದಲ ವರ್ಷ ರಿಟೇನರ್ ತಡೆಯುವುದು ನಾರುಗಳ ಎಳೆತವನ್ನು, ಆಮೇಲೆ ತಡೆಯುವುದು ವಯಸ್ಸಿನ ಬದಲಾವಣೆಯನ್ನು. ಬುದ್ಧಿಹಲ್ಲು ತಳ್ಳಿ ಹೀಗಾಗುತ್ತದೆ ಎಂದು ಹೇಳುವುದಿದೆ, ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಬುದ್ಧಿಹಲ್ಲೇ ಹುಟ್ಟದವರಲ್ಲೂ ಕೆಳಸಾಲು ಇಕ್ಕಟ್ಟಾಗುತ್ತದೆ. ಆದ್ದರಿಂದ ಬುದ್ಧಿಹಲ್ಲು ತೆಗೆಸಿದೆ, ಇನ್ನು ರಿಟೇನರ್ ಬೇಡ ಎಂದುಕೊಳ್ಳಬೇಡಿ.

ಗಂಟೆ ಕಡಿಮೆ ಮಾಡುವುದು ನಿಮ್ಮ ವೈದ್ಯರು ಹೇಳಿದ ಮೇಲೆ. ರಾತ್ರಿಗೆ ಇಳಿಸಿದ ಮೇಲೆ ರಿಟೇನರ್ರೇ ಅಳತೆಗೋಲು. ಪ್ರತಿ ರಾತ್ರಿ ಹಾಕುವಾಗ ಬಿಗಿ ಅನಿಸದೆ ಜಾರಿ ಕೂತರೆ ಆ ಅಂತರ ನಿಮ್ಮ ಹಲ್ಲಿಗೆ ಸರಿ. ಒಂದೆರಡು ವರ್ಷದ ಮೇಲೆ ವೈದ್ಯರು ಒಪ್ಪಿ ರಾತ್ರಿ ಬಿಟ್ಟು ರಾತ್ರಿ ಹಾಕಿದಾಗ ಬಿಗಿ ಬಂದರೆ ಆ ಅಂತರ ಹೆಚ್ಚಾಯಿತು, ಪ್ರತಿ ರಾತ್ರಿಗೆ ಹಿಂತಿರುಗಿ. ನಿಮ್ಮ ಆ ತಿರುಗಿದ್ದ ಹಲ್ಲೇ ಇದನ್ನು ಮೊದಲು ಹೇಳುತ್ತದೆ, ಹಾಕುವಾಗೆಲ್ಲ ಗಮನ ಅಲ್ಲಿರಲಿ.

ಹಾಕಿಕೊಂಡಾಗ ನೀರು ಬಿಟ್ಟು ಬೇರೇನೂ ಕುಡಿಯಬೇಡಿ. ಸಿಹಿ ಅಥವಾ ಹುಳಿ ಪಾನೀಯ ಪ್ಲಾಸ್ಟಿಕ್ ಒಳಗೆ ಸೇರಿ ಹಲ್ಲಿಗೆ ಮೆತ್ತಿಕೊಂಡು ಕೂರುತ್ತದೆ, ಜೊಲ್ಲು ಅದನ್ನು ತೊಳೆಯಲಾಗುವುದಿಲ್ಲ. ಬಾಚಿಹಲ್ಲಿನ ತುದಿಯಲ್ಲಿ ಹುಳುಕು ಹೀಗೆ ಶುರುವಾಗುತ್ತದೆ, ಸಾಮಾನ್ಯವಾಗಿ ಹುಳುಕು ಬಾರದ ಜಾಗ ಅದು.

ಲ್ಯಾಬ್‌ಮೇಜು

ಕೊನೆಗೆ ರಿಟೇನರ್‌ನ ಆಯುಷ್ಯ. ಪಾರದರ್ಶಕದ್ದು ಒಂದರಿಂದ ಮೂರು ವರ್ಷ, ರಾತ್ರಿ ಹಲ್ಲು ಕಡಿಯುವವರಿಗೆ ಅದಕ್ಕಿಂತ ಕಡಿಮೆ. ಹಾಲಿ ರಿಟೇನರ್ ಜೋಪಾನ ಮಾಡಿದರೆ ಅದಕ್ಕಿಂತ ಬಹಳ ಹೆಚ್ಚು. ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಿ: ಕೋರೆಹಲ್ಲಿನ ಮೂಲೆಯಲ್ಲಿ ಬಿಳಿ ಗೆರೆ, ದವಡೆಹಲ್ಲಿನ ಏಣಿನ ಮೇಲೆ ತೂತು, ಅಂಚಿನಲ್ಲಿ ಸೀಳು. ಬಿಳಿ ಗೆರೆ ಎಂದರೆ ಅಲ್ಲಿ ಪ್ಲಾಸ್ಟಿಕ್ ದಣಿದಿದೆ, ಮುಂದೆ ಒಡೆಯುವುದು ಅಲ್ಲೇ. ಒಡೆಯುವ ಮೊದಲೇ ಹೊಸದು ಮಾಡಿಸಿದರೆ ನಡುವೆ ಹಲ್ಲು ಬರಿದಾಗಿ ಇರುವ ದಿನಗಳು ತಪ್ಪುತ್ತವೆ. ಒಡೆದದ್ದನ್ನು ಮನೆಯ ಅಂಟಿನಿಂದ ಅಂಟಿಸಬೇಡಿ, ಬಾಯಿಗೆ ಆ ಅಂಟು ಒಳ್ಳೆಯದಲ್ಲ, ಅಳತೆಯೂ ತಪ್ಪುತ್ತದೆ.

ಈಗಿನ ಭೇಟಿಯಲ್ಲೇ, ಹಲ್ಲುಗಳು ಸರಿಯಾಗಿ ಇರುವಾಗ, ನಿಮ್ಮ ಹಲ್ಲಿನ ಸ್ಕ್ಯಾನ್ ಫೈಲ್ ಅಥವಾ ಕಲ್ಲಚ್ಚು (ಪ್ಲಾಸ್ಟರಿನಂಥ ಗಟ್ಟಿ ಹಲ್ಲಚ್ಚು) ಕೇಳಿ ಇಟ್ಟುಕೊಳ್ಳಿ, ಒಂದು ಹೆಚ್ಚುವರಿ ರಿಟೇನರ್ ಕೂಡ ಮಾಡಿಸಿ. ಕಳೆದರೆ ಆ ಫೈಲಿನಿಂದಲೇ, ಹಲ್ಲು ಸರಿಯುವ ಮೊದಲಿನ ಅಳತೆಗೆ, ಹೊಸದು ಆಗುತ್ತದೆ. ಕಲ್ಲಚ್ಚಾದರೆ ಪೆಟ್ಟು ಬೀಳದ ಹಾಗೆ ಒಣ ಜಾಗದಲ್ಲಿಡಿ, ಬಾಚಿಹಲ್ಲಿನ ತುದಿ ಮುಕ್ಕಾದರೆ ಅದರ ಮೇಲೆ ಎಳೆದ ರಿಟೇನರ್ ಅಲ್ಲಿ ಕೂರುವುದಿಲ್ಲ.

ಮುಂದೆ ಯಾವಾಗಲಾದರೂ ಹಲ್ಲಿಗೆ ಸಿಮೆಂಟ್ ತುಂಬಿಸುವುದಿದ್ದರೆ ಅಥವಾ ಕ್ಯಾಪ್ ಹಾಕಿಸುವುದಿದ್ದರೆ ರಿಟೇನರನ್ನು ಜೊತೆಗೆ ಒಯ್ಯಿರಿ. ಕುರ್ಚಿಯಿಂದ ಏಳುವ ಮೊದಲು ಅಲ್ಲೇ ಹಾಕಿ ನೋಡಿ. ಸಣ್ಣ ತುಂಬುವಿಕೆಯಾದರೆ ಉಬ್ಬಿದ ಕಡೆ ಕೂಡಲೇ ಉಜ್ಜಿ ರಿಟೇನರ್‌ಗೆ ಸರಿಹೊಂದಿಸಬಹುದು. ಕ್ಯಾಪ್ ಆದರೆ ಹಳೆಯದು ಕೂರುವುದು ಅಪರೂಪ, ಹೊಸ ರಿಟೇನರ್‌ಗೆ ಅದೇ ದಿನ ಅಳತೆ ಕೊಟ್ಟು ಬನ್ನಿ.